ಪಟ್ಟುಬಿಡದ ಸೋತವರ ಚಿತ್ರಕಥೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ನಿಜವಾಗಿ ನಡೆದರೂ ಕೇಳಿದವರು ನಂಬದಂಥ ಬದುಕನ್ನು ಚಿತ್ರಕಥೆ ಮಾಡುವುದು ಹೇಗೆ, ಅದನ್ನು ಇಬ್ಬರು ಸೇರಿ ಬರೆಯುವುದು ಹೇಗೆ? ಉದಾಹರಣೆಗಳನ್ನು ಬಹುತೇಕ ಅಮೆರಿಕದ ಒಂದೇ ಜೋಡಿಯ ಕೆಲಸದಿಂದ ಆರಿಸಿದ್ದೇವೆ. ಈ ಬಗೆಯ ಬರವಣಿಗೆಗೆ ಅವರಷ್ಟು ಹಟದಿಂದ ಅಂಟಿಕೊಂಡವರು ಕಡಿಮೆ.

‘ಎಡ್ ವುಡ್’ ನೋಡಿದೆ. ಕೆಟ್ಟ ಸಿನಿಮಾ ತೆಗೆದವನ ಮೇಲೆ ಇಷ್ಟು ಒಳ್ಳೆಯ ಸಿನಿಮಾ! ಬರೆದ ಇಬ್ಬರು ಯಾರು? (ಪದವಿ ವಿದ್ಯಾರ್ಥಿ, ಧಾರವಾಡ)

ಸ್ಕಾಟ್ ಅಲೆಕ್ಸಾಂಡರ್ ಮತ್ತು ಲ್ಯಾರಿ ಕರಾಝೆವ್ಸ್ಕಿ. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಒಂದೇ ಕೋಣೆಯಲ್ಲಿದ್ದವರು. ತೆರೆಗೆ ಬಂದ ಅವರ ಮೊದಲ ಚಿತ್ರ 1990ರ ‘ಪ್ರಾಬ್ಲಮ್ ಚೈಲ್ಡ್’. ದತ್ತು ಕೊಟ್ಟ ಸಂಸ್ಥೆಯ ಮೇಲೆ ದಂಪತಿಯೊಬ್ಬರು ದಾವೆ ಹೂಡಿದ ಪತ್ರಿಕಾ ಸುದ್ದಿ ಅದಕ್ಕೆ ಬೀಜ. ಅವರು ದೊಡ್ಡವರಿಗಾಗಿ ಕಟುವಾದ ವಿಡಂಬನೆ ಬರೆಯಲು ಹೊರಟಿದ್ದರು, ತೆರೆಗೆ ಬಂದದ್ದು ಮಕ್ಕಳ ಗದ್ದಲದ ಹಾಸ್ಯ. ಚಿತ್ರ ಓಡಿತು, ಬರೆದವರಿಗೆ ಮಕ್ಕಳ ಸಿನಿಮಾದವರು ಎಂಬ ಚೀಟಿ ಅಂಟಿತು. ಅದನ್ನು ಕಿತ್ತುಹಾಕಲು ಬರೆದದ್ದೇ ‘ಎಡ್ ವುಡ್’. ಮೊದಲು 10 ಪುಟದ ಟ್ರೀಟ್‌ಮೆಂಟ್ (ಕಥೆಯನ್ನು ಗದ್ಯದಲ್ಲಿ ಹೇಳುವ ರೂಪರೇಖೆ), ಆಮೇಲೆ ಆರು ವಾರದಲ್ಲಿ 147 ಪುಟದ ಚಿತ್ರಕಥೆ. ನಿರ್ದೇಶಕ ಟಿಮ್ ಬರ್ಟನ್ ಮೊದಲ ಕರಡನ್ನೇ ಒಪ್ಪಿದರು. ಕಪ್ಪು-ಬಿಳುಪಿನಲ್ಲೇ ತೆಗೆಯುತ್ತೇನೆ ಎಂದದ್ದಕ್ಕೆ ಕೊಲಂಬಿಯಾ ಸ್ಟುಡಿಯೋ ಕೈಬಿಟ್ಟಿತು, ಡಿಸ್ನಿ ಎತ್ತಿಕೊಂಡಿತು. 1994ರಲ್ಲಿ ಬಿಡುಗಡೆಯಾದಾಗ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದರೂ ಮಾರ್ಟಿನ್ ಲ್ಯಾಂಡೌಗೆ ಪೋಷಕ ನಟನ ಆಸ್ಕರ್ ಬಂತು.

ಮುಂದೆ ಇದೇ ಜಾಡು ಹಿಡಿದರು. ಅಶ್ಲೀಲ ಪತ್ರಿಕೆಯ ಮಾಲೀಕ ಲ್ಯಾರಿ ಫ್ಲಿಂಟ್ (1996), ಹಾಸ್ಯಗಾರ ಆಂಡಿ ಕಾಫ್‌ಮನ್ (1999), ಗಂಡನ ಹೆಸರಲ್ಲಿ ವರ್ಣಚಿತ್ರ ಬರೆದುಕೊಟ್ಟ ಕಲಾವಿದೆ ಮಾರ್ಗರೆಟ್ ಕೀನ್ (2014), ಕೊಲೆ ಆರೋಪ ಹೊತ್ತ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಮೊಕದ್ದಮೆಯ ಟಿವಿ ಸರಣಿ (2016), ಹಾಸ್ಯಗಾರ ರೂಡಿ ರೇ ಮೂರ್ (2019). ಯಾರಿಗೂ ಊರಲ್ಲಿ ಪ್ರತಿಮೆ ನಿಲ್ಲಿಸುವುದಿಲ್ಲ. ಮಹಾಪುರುಷರ ಚರಿತ್ರೆ ಬರೆಯುವ ಕ್ರಮವನ್ನೇ ತಲೆಕೆಳಗು ಮಾಡಿದ್ದು ಇವರ ಹೆಚ್ಚುಗಾರಿಕೆ.

ನಮ್ಮ ಕಡೆ ನಾಟಕ ಕಂಪನಿ ಕಟ್ಟಿ ಮೂರು ಸಲ ದಿವಾಳಿಯಾಗಿ ಮತ್ತೆ ಕಟ್ಟಿದವರೊಬ್ಬರಿದ್ದರು. ಹುಟ್ಟಿನಿಂದ ಸಾವಿನವರೆಗೆ ಬರೆದರೆ 230 ಪುಟ ಆಗಿದೆ. ಹೇಗೆ ಇಳಿಸಲಿ? (ಶಾಲಾ ಶಿಕ್ಷಕರು, ಬಾಗಲಕೋಟೆ)

ಪುಟ ಇಳಿಸಬೇಡಿ, ವರ್ಷ ಇಳಿಸಿ. 230ನ್ನು 120ಕ್ಕೆ ತರಲು ಪ್ರತಿ ದೃಶ್ಯದಿಂದ ನಾಲ್ಕು ಸಾಲು ಕತ್ತರಿಸುತ್ತ ಕೂತರೆ ಎಲ್ಲ ದೃಶ್ಯಗಳೂ ಬಡಕಲಾಗುತ್ತವೆ, ಒಂದೂ ನಿಲ್ಲುವುದಿಲ್ಲ.

ಎಡ್ ವುಡ್ ಹುಟ್ಟಿದ್ದು 1924ರಲ್ಲಿ, ತೀರಿಕೊಂಡದ್ದು 1978ರಲ್ಲಿ. ಚಿತ್ರದಲ್ಲಿರುವುದು 1950ರ ದಶಕದ ಕೆಲವೇ ವರ್ಷ. ಬಾಲ್ಯ ಇಲ್ಲ, ಯುದ್ಧ ಇಲ್ಲ. ಕೊನೆಯ ಎರಡು ದಶಕದ ಕುಡಿತ, ಬಡತನ ಕೊನೆಯ ಬರಹದ ಸಾಲಿನಲ್ಲಿ ಮುಗಿಯುತ್ತದೆ. ಆ ತುಂಡನ್ನೇ ಆರಿಸಿದ್ದೇಕೆ? ವುಡ್ ಮತ್ತು ಮುಪ್ಪಿನ ನಟ ಬೆಲಾ ಲುಗೋಸಿಯ ಸ್ನೇಹ ಅಷ್ಟರಲ್ಲೇ ಹುಟ್ಟಿ ಮುಗಿಯುತ್ತದೆ. ಲುಗೋಸಿ 1956ರ ಆಗಸ್ಟಿನಲ್ಲಿ ತೀರಿಕೊಂಡರು. ಚಿತ್ರಕ್ಕೆ ಬೆನ್ನುಮೂಳೆ ಆ ಸ್ನೇಹ, ವುಡ್‌ನ ಜೀವನವಲ್ಲ.

ಹೀಗೆ ಆರಿಸಿಕೊಳ್ಳುವ ಕಾಲದ ಕಿಟಕಿ ಸಣ್ಣದೇ ಇರಬೇಕೆಂಬ ನಿಯಮವೇನೂ ಇಲ್ಲ. ಮಾರ್ಗರೆಟ್ ಕೀನ್ ಚಿತ್ರ ಹಲವು ವರ್ಷಗಳನ್ನು ದಾಟಿ ಹೊನೊಲುಲು ನ್ಯಾಯಾಲಯಕ್ಕೆ ಬಂದು ನಿಲ್ಲುತ್ತದೆ. ಆದರೂ ಸಡಿಲವಾಗದೆ ಇರುವುದು ನೋಡುವವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇರುವುದರಿಂದ: ಈಕೆ ನಿಜ ಹೇಳುವುದು ಯಾವಾಗ? ಆ ಪ್ರಶ್ನೆಗೆ ಸಂಬಂಧವಿಲ್ಲದ ವರ್ಷಗಳು ಒಂದು ಕಟ್‌ನಲ್ಲಿ ಹಾರಿಹೋಗುತ್ತವೆ.

ನಿಮ್ಮ ಕಂಪನಿ ಮಾಲೀಕರ ವಿಷಯಕ್ಕೆ ಹೀಗೆ ಮಾಡಿ. ದೊಡ್ಡ ಹಾಳೆಯಲ್ಲಿ ಅವರ ಬದುಕಿನ ವರ್ಷಗಳನ್ನು ಅಡ್ಡಲಾಗಿ ಬರೆಯಿರಿ. ಪ್ರತಿ ವರ್ಷದ ಕೆಳಗೆ ಅವರಿಗೆ ಏನು ಬೇಕಾಗಿತ್ತು, ಯಾರು ಅಡ್ಡ ಬಂದರು, ಏನು ಕಳೆದುಕೊಂಡರು ಎಂದು ಒಂದೊಂದೇ ಸಾಲು ಗುರುತಿಸಿ. ಮೂರೂ ಸಾಲು ಭರ್ತಿಯಾಗುವ ವರ್ಷಗಳು ಎಲ್ಲಿ ಗುಂಪಾಗಿವೆಯೋ ಅದು ನಿಮ್ಮ ಕಿಟಕಿ. ನಿಮ್ಮಲ್ಲಿ ಹೇಳಿ ಮಾಡಿಸಿದಂಥ ಚೌಕಟ್ಟೇ ಇದೆ. ಬನದ ಹುಣ್ಣಿಮೆಗೆ ಶುರುವಾಗುವ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟ್ ಹಾಕಿ ವಾರಗಟ್ಟಲೆ ಆಡುತ್ತವೆ. ಒಂದು ಜಾತ್ರೆಯಲ್ಲಿ ಮುಳುಗಿದವರು ಮುಂದಿನ ಜಾತ್ರೆಗೆ ಮತ್ತೆ ಪರದೆ ಎತ್ತುತ್ತಾರೆಯೇ ಎಂಬ ಹನ್ನೆರಡು ತಿಂಗಳು ಸಾಕು. ಹಿಂದಿನ ಎರಡು ದಿವಾಳಿಗಳು ಸಾಲ ಕೊಟ್ಟವನ ಮಾತಿನಲ್ಲಿ ಬಂದುಹೋಗಲಿ. ಇಂಟರ್ವಲ್ ಎಲ್ಲಿ ಎಂಬ ಚಿಂತೆ ಹಾಲಿವುಡ್ಡಿನವರಿಗಿಲ್ಲ, ನಮಗಿದೆ: ಮಳೆಗಾಲಕ್ಕೆ ಕಂಪನಿ ಬಾಗಿಲು ಮುಚ್ಚಿ ನಟರು ಊರು ಸೇರುವ ಕಡೆ ಇಡಿ.

ಅಂದಹಾಗೆ, ಬಾಲ್ಯದ ಪೆಟ್ಟು ತೋರಿಸಿ ‘ಅದಕ್ಕೇ ಹೀಗಾದ’ ಎನ್ನುವ ದೃಶ್ಯ ನಿಮ್ಮ ಪ್ರತಿಯಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ. ಹುಚ್ಚಿಗೆ ಕಾರಣ ಕೊಟ್ಟ ಕೂಡಲೇ ಹುಚ್ಚಿನ ರುಚಿ ಹೋಗುತ್ತದೆ.

ನಿಜಕಥೆ ಎಂದ ಮೇಲೆ ಎಷ್ಟರಮಟ್ಟಿಗೆ ಬದಲಾಯಿಸಬಹುದು? (ಸಹಾಯಕ ನಿರ್ದೇಶಕ, ಬೆಂಗಳೂರು)

ನ್ಯಾಯಾಲಯದ ಲೆಕ್ಕ ಬೇರೆ, ಪ್ರೇಕ್ಷಕರ ಲೆಕ್ಕ ಬೇರೆ. ಮೊದಲಿನದು ಕೆಳಗಿನ ಹಾಸನದ ಓದುಗರ ಪ್ರಶ್ನೆಯಲ್ಲಿ ಬರುತ್ತದೆ. ಇಲ್ಲಿ ಎರಡನೆಯದನ್ನು ಹೇಳುತ್ತೇವೆ.

ಬದಲಾವಣೆಗಳು ಸಾಮಾನ್ಯವಾಗಿ ಮೂರು ಬಗೆ. ಕಾಲ ಹಿಂದುಮುಂದು ಮಾಡುವುದು ಒಂದು. ಆಂಡಿ ಕಾಫ್‌ಮನ್ ಕಾರ್ನೆಗಿ ಹಾಲ್‌ನಲ್ಲಿ ಪ್ರದರ್ಶನ ಕೊಟ್ಟದ್ದು 1979ರಲ್ಲಿ, ತೀರಿಕೊಂಡದ್ದು 1984ರಲ್ಲಿ. ಚಿತ್ರದಲ್ಲಿ ಕಾಯಿಲೆ ಗೊತ್ತಾದ ನಂತರ ಆ ಪ್ರದರ್ಶನ ನಡೆಯುತ್ತದೆ, ಬೀಳ್ಕೊಡುಗೆಯ ಭಾವ ತರಲು. ಆದರೆ ಚಿತ್ರದ ಮೊದಲ ನಿಮಿಷದಲ್ಲೇ ಕಾಫ್‌ಮನ್ ಪಾತ್ರ ಕ್ಯಾಮೆರಾ ನೋಡಿ, ನನ್ನ ಬದುಕಿನ ಘಟನೆಗಳನ್ನು ನಾಟಕಕ್ಕಾಗಿ ಅದಲುಬದಲು ಮಾಡಿದ್ದಾರೆ ಎಂದು ದೂರಿಬಿಡುತ್ತದೆ. ಜಾಣತನ ಅಂದರೆ ಅದು.

ಎರಡನೆಯದು ಹಲವರನ್ನು ಒಬ್ಬರಾಗಿಸುವುದು. 1978ರಲ್ಲಿ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನಲ್ಲಿ ಫ್ಲಿಂಟ್ ಮೇಲೆ ಗುಂಡು ಹಾರಿದಾಗ ಜೊತೆಯಲ್ಲಿ ಗಾಯಗೊಂಡವರು ಸ್ಥಳೀಯ ವಕೀಲರು. ಚಿತ್ರದಲ್ಲಿ ಗುಂಡು ತಗಲುವುದು ಅಲನ್ ಐಸಾಕ್‌ಮನ್‌ಗೆ, ಅಂದರೆ ಮುಂದೆ ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ವಕೀಲರಿಗೆ. ಹತ್ತಾರು ಮೊಕದ್ದಮೆಗಳ ಹತ್ತಾರು ವಕೀಲರನ್ನು ಪ್ರೇಕ್ಷಕ ನೆನಪಿಡಲಾರ. ಆದರೆ ಸುಪ್ರೀಂ ಕೋರ್ಟ್ 1988ರಲ್ಲಿ ಫ್ಲಿಂಟ್ ಪರ ಕೊಟ್ಟ ತೀರ್ಪನ್ನಾಗಲಿ ಅದು 8-0 ಆಗಿದ್ದನ್ನಾಗಲಿ ಅವರು ಮುಟ್ಟಿಲ್ಲ.

ಮೂರನೆಯದು ನಡೆಯದೇ ಇದ್ದದ್ದನ್ನು ಸೇರಿಸುವುದು. ಎಡ್ ವುಡ್ ಮತ್ತು ‘ಸಿಟಿಜನ್ ಕೇನ್’ ನಿರ್ದೇಶಕ ಆರ್ಸನ್ ವೆಲ್ಸ್ ಹೋಟೆಲಿನಲ್ಲಿ ಭೇಟಿಯಾಗುವ ದೃಶ್ಯ ಪೂರ್ತಿ ಕಲ್ಪನೆ. ಅತಿ ಕೆಟ್ಟವನೂ ಅತಿ ಶ್ರೇಷ್ಠನೂ ಹಣ ಹಾಕುವವರನ್ನು ಒಂದೇ ಧಾಟಿಯಲ್ಲಿ ಬೈಯುತ್ತ ಕೂರುವುದು ಆ ಚಿತ್ರದ ತಿರುಳನ್ನೇ ಹೇಳುತ್ತದೆ. ಹಾಗಾಗಿ ಅದು ನಮಗೆ ಸುಳ್ಳು ಅನ್ನಿಸುವುದಿಲ್ಲ. ಲುಗೋಸಿ ಒಂಟಿಯಾಗಿ ಕಾಣುವುದು ಮಾತ್ರ ಅಷ್ಟು ಸರಿಯಲ್ಲ, ಅವರು 1955ರಲ್ಲಿ ಐದನೇ ಮದುವೆಯಾಗಿದ್ದರು. ಕರುಣೆ ಹೆಚ್ಚಿಸಲು ಬದುಕಿದ್ದ ಹೆಂಡತಿಯನ್ನು ಅಳಿಸಿದ್ದು ನಮ್ಮ ದೃಷ್ಟಿಯಲ್ಲಿ ಗಡಿ ದಾಟಿದ್ದು.

ಸಂಶೋಧನೆಯ ಸರಕು ರಾಶಿಯಾಗಿದೆ. ಸಂದರ್ಶನ, ಪತ್ರಿಕೆ ತುಣುಕು, ಫೋಟೋ. ಚಿತ್ರಕಥೆಗೆ ಇಳಿಸುವ ಕ್ರಮ ಹೇಳಿ. (ಶಿವಮೊಗ್ಗ)

ನಾಲ್ಕು ಹಂತ. ಮೊದಲು ಕಾಲಾನುಕ್ರಮಣಿಕೆ. ಕಂಪ್ಯೂಟರ್ ಶೀಟಿನಲ್ಲಿ ಐದು ಕಾಲಂ ಮಾಡಿ: ದಿನಾಂಕ, ಘಟನೆ, ಯಾರಿದ್ದರು, ಮೂಲ, ಆ ಮೂಲ ಎಷ್ಟು ಗಟ್ಟಿ. ದಾಖಲೆ ಅಥವಾ ಎರಡು ಸ್ವತಂತ್ರ ಸಾಕ್ಷಿ ಇದ್ದರೆ ‘ಅ’, ಒಬ್ಬರೇ ಹೇಳಿದ್ದರೆ ‘ಆ’, ಊರ ಮಾತಾದರೆ ‘ಇ’. ಸಂದರ್ಶನದ ಧ್ವನಿಮುದ್ರಣವನ್ನು ಪೂರ್ತಿ ಬರಹಕ್ಕಿಳಿಸಿ, ಸಾರಾಂಶ ಮಾಡಬೇಡಿ. ಅವರ ಮಾತಿನ ಧಾಟಿಯೇ ಮುಂದೆ ಡೈಲಾಗಿಗೆ ಬೇಕಾಗುತ್ತದೆ.

ಎರಡನೇ ಹಂತ ಕಾರ್ಡ್. ಕಿಟಕಿಯೊಳಗೆ ಬರುವ ಘಟನೆಗಳನ್ನು ಮಾತ್ರ ಒಂದು ಕಾರ್ಡಿಗೆ ಒಂದರಂತೆ ಬರೆದು ಗೋಡೆಗೆ ಅಂಟಿಸಿ. ಎರಡು ಗಂಟೆಯ ಚಿತ್ರಕ್ಕೆ ಕೊನೆಗೆ ಉಳಿಯುವುದು ಸುಮಾರು 50ರಿಂದ 70. ಮೊದಲ ಸಲ 150 ಆದರೂ ಗಾಬರಿಯಾಗಬೇಡಿ. ಎರಡು ಕಾರ್ಡಿನ ನಡುವೆ ‘ಆಮೇಲೆ’ ಎಂದಷ್ಟೇ ಹೇಳಲಾಗುತ್ತಿದ್ದರೆ ಅಲ್ಲಿ ಕಥೆ ಇಲ್ಲ. ‘ಅದರಿಂದಾಗಿ’ ಅಥವಾ ‘ಆದರೂ’ ಎನ್ನುವಂತಿರಬೇಕು. ನಿಜಕಥೆಗಳು ಸೋಲುವುದು ಹೆಚ್ಚಾಗಿ ಇಲ್ಲೇ. ನಡೆದದ್ದಕ್ಕೆ ಕ್ರಮವಿರುತ್ತದೆ, ಕಾರಣವಿರುವುದಿಲ್ಲ. ಮೂರನೇ ಹಂತ 8ರಿಂದ 12 ಪುಟದ ಟ್ರೀಟ್‌ಮೆಂಟ್, ಡೈಲಾಗ್ ಇಲ್ಲದೆ.

ಕೊನೆಯದು ಹೊಸಬರು ಬಿಟ್ಟುಬಿಡುವ ಹಂತ. ಬೌಂಡ್ ಸ್ಕ್ರಿಪ್ಟ್ (ಚಿತ್ರೀಕರಣಕ್ಕೆ ಸಿದ್ಧವಾದ ಪೂರ್ಣ ಪ್ರತಿ) ಆದ ಮೇಲೆ ಇನ್ನೊಂದು ಪ್ರತಿ ತೆಗೆದು ಅಂಚಿನಲ್ಲಿ ಪ್ರತಿ ದೃಶ್ಯಕ್ಕೂ ಮೂಲ ಬರೆಯಿರಿ. ಪಾತ್ರ ನಿಜದ್ದೋ, ಕೂಡಿಸಿದ್ದೋ, ಕಲ್ಪನೆಯೋ. ಮಾತು ದಾಖಲೆಯಲ್ಲಿದ್ದದ್ದೋ, ನಿಮ್ಮದೋ. ಅಮೆರಿಕದಲ್ಲಿ ಬಿಡುಗಡೆಗೆ ಮುನ್ನ ತೆಗೆದುಕೊಳ್ಳುವ ತಪ್ಪು-ಲೋಪದ ವಿಮೆಗೆ (ಚಿತ್ರದ ಮೇಲೆ ದಾವೆ ಬಂದರೆ ಖರ್ಚು ಭರಿಸುವಂಥದ್ದು) ಇಂಥ ಪ್ರತಿ ಕೇಳುತ್ತಾರೆ. ಬರೆಯುವಾಗಲೇ ಗುರುತು ಹಾಕುತ್ತ ಹೋದರೆ ಭಾರವಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಹುಡುಕಲು ಹೊರಟರೆ ಯಾವ ಮಾತು ಯಾರ ಬಾಯಿಂದ ಬಂತು ಎಂದು ನಿಮಗೇ ತಿಳಿಯದು.

ಹಳೆಯ ಮೊಕದ್ದಮೆ ಇದ್ದರೆ ಕರ್ನಾಟಕ ಹೈಕೋರ್ಟಿನ ಜಾಲತಾಣ ಮತ್ತು ಇ-ಕೋರ್ಟ್ಸ್‌ನಲ್ಲಿ ತೀರ್ಪುಗಳು ಉಚಿತ. ಆದರೆ ಚಿತ್ರಕಥೆಗೆ ಬೇಕಾದ ಚಿನ್ನ ತೀರ್ಪಿನಲ್ಲಿರುವುದಿಲ್ಲ, ಪಾಟೀಸವಾಲಿನಲ್ಲಿರುತ್ತದೆ. ಅದಕ್ಕೆ ಆಯಾ ನ್ಯಾಯಾಲಯದಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಬೇಕು.

ಎಲ್ಲರಿಗೂ ಕೊನೆ ಗೊತ್ತಿರುವ ಘಟನೆಯಲ್ಲಿ ಕುತೂಹಲ ಹುಟ್ಟಿಸುವುದು ಹೇಗೆ? (ತುಮಕೂರು)

ಜನ ನೋಡದೇ ಇದ್ದ ಕೋಣೆಗೆ ಹೋಗಿ. ಸಿಂಪ್ಸನ್ ಮೊಕದ್ದಮೆಯನ್ನು ಅಮೆರಿಕ ಟಿವಿಯಲ್ಲಿ ನೋಡಿತ್ತು, ನಿರ್ದೋಷಿ ಎಂಬ 1995ರ ಅಕ್ಟೋಬರ್ 3ರ ತೀರ್ಪು ಎಲ್ಲರಿಗೂ ಗೊತ್ತು. ಹತ್ತು ಕಂತಿನ ಸರಣಿ ಕ್ಯಾಮೆರಾ ಮುಂದಿನದ್ದನ್ನು ಬೇಕಾದಷ್ಟೇ ಇಟ್ಟುಕೊಂಡು ಅದರ ಹಿಂದಕ್ಕೆ ಹೋಯಿತು. ಒಂದು ಕಂತು ಪೂರ್ತಿ ಸರ್ಕಾರಿ ವಕೀಲೆ ಮಾರ್ಸಿಯಾ ಕ್ಲಾರ್ಕ್ ಮೇಲೆ, ಇನ್ನೊಂದು ಕಂತು ಹೋಟೆಲಿನಲ್ಲಿ ಕೂಡಿಹಾಕಿದ್ದ ಜ್ಯೂರಿಗಳ ಮೇಲೆ. ಏನಾಯಿತು ಎಂಬುದು ಹಿಂದೆ ಸರಿದು ಹೇಗಾಯಿತು ಎಂಬುದು ಮುಂದೆ ಬಂತು.

ನಮ್ಮ ನಾಯಕ ಹತ್ತಾರು ಜನರಿಗೆ ಟೋಪಿ ಹಾಕಿದವ. ಪ್ರೇಕ್ಷಕರು ಒಪ್ಪುತ್ತಾರೆಯೇ? (ಮಂಗಳೂರು)

ಒಪ್ಪಬೇಕಾದದ್ದು ಅವನನ್ನಲ್ಲ, ಅವನ ಹಟವನ್ನು. ಬರೆಯುವವರು ಅವನನ್ನು ಮೇಲಿನಿಂದ ನೋಡಿ ನಕ್ಕರೆ ಹತ್ತು ನಿಮಿಷಕ್ಕೆ ಚಿತ್ರ ಸತ್ತಿತು. ಅವನ ಕೆಲಸವನ್ನು ಅವನಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಹಾಗೆಂದು ಮೋಸಹೋದವರನ್ನು ಮುಖವಿಲ್ಲದ ಗುಂಪು ಮಾಡಬೇಡಿ, ಒಬ್ಬರಿಗಾದರೂ ಹೆಸರು, ಮನೆ, ಎರಡು ಗಟ್ಟಿ ದೃಶ್ಯ ಕೊಡಿ. ಕೀನ್ ಕಥೆಯಲ್ಲಿ ಟೋಪಿ ಹಾಕಿದವ ಗಂಡ ವಾಲ್ಟರ್. ಅವನೇ ನಾಯಕನಾಗಿದ್ದರೆ ಮೋಜಿನ ಮೋಸಗಾರನ ಕಥೆಯಾಗುತ್ತಿತ್ತು. ಮೋಸಹೋದ ಹೆಂಡತಿಯನ್ನು ನಡುವೆ ನಿಲ್ಲಿಸಿದ್ದರಿಂದ ನ್ಯಾಯಾಲಯದಲ್ಲಿ ಇಬ್ಬರಿಗೂ ಚಿತ್ರ ಬರೆಯಲು ಹೇಳುವ ದೃಶ್ಯ ಏರುತ್ತದೆ. ಆಕೆ 53 ನಿಮಿಷದಲ್ಲಿ ಬರೆದು ಮುಗಿಸಿದ್ದು, ಅವನು ಭುಜ ನೋವೆಂದು ಕುಂಚ ಮುಟ್ಟದೇ ಇದ್ದದ್ದು ದಾಖಲೆಯಲ್ಲಿರುವ ಸಂಗತಿ.

ಪತ್ರಿಕೆಯಲ್ಲಿ ಬಂದ ವ್ಯಕ್ತಿಯ ಕಥೆ ಬರೆಯಲು ಮನೆಯವರ ಒಪ್ಪಿಗೆ ಬೇಕೇ? (ಹಾಸನ)

ನಡೆದ ಸಂಗತಿಗೆ ಯಾರೂ ಒಡೆಯರಲ್ಲ. ಅದನ್ನು ಬರೆದ ಬಗೆಗೆ ಒಡೆಯರಿದ್ದಾರೆ. ಪುಸ್ತಕವೊಂದರ ಕಟ್ಟಡವನ್ನೋ ಮಾತುಗಳನ್ನೋ ಬಳಸುವುದಾದರೆ ಅದರ ಹಕ್ಕು ಕೊಳ್ಳಲೇಬೇಕು. ನಿಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆಯನ್ನು ಭಾಗಶಃ ಆಧರಿಸಿದ 2020ರ ತಮಿಳು ಚಿತ್ರದಲ್ಲಿ ಪಾತ್ರದ ಹೆಸರು, ಊರು ಎಲ್ಲ ಬದಲಾದರೂ ಪುಸ್ತಕಕ್ಕೆ ಮನ್ನಣೆ ಇದೆ.

ಖಾಸಗಿತನದ ಬಗ್ಗೆ ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ಇಂದಿಗೂ ಆಧಾರ. ನ್ಯಾಯಾಲಯದ ದಾಖಲೆಯೂ ಸೇರಿ ಸಾರ್ವಜನಿಕ ದಾಖಲೆಯಲ್ಲಿದ್ದದ್ದನ್ನು ಒಪ್ಪಿಗೆಯಿಲ್ಲದೆ ಬರೆಯಬಹುದು. ಅದನ್ನು ದಾಟಿ ಮಲಗುವ ಕೋಣೆಗೆ ಹೋದರೆ ಹೊಣೆ ನಿಮ್ಮದು. ಅದೇ ವರ್ಷ ಫೂಲನ್ ದೇವಿ ತಮ್ಮ ಬದುಕಿನ ಚಿತ್ರದ ವಿರುದ್ಧ ದೆಹಲಿ ಹೈಕೋರ್ಟಿನಿಂದ ತಡೆ ತಂದಿದ್ದರು. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಹೆಸರು ಮಾತ್ರ ಬದಲಿಸಿ ಊರು, ಶಾಲೆ, ಕೆಲಸ ಹಾಗೇ ಉಳಿಸಿದರೂ ಗುರುತು ಬಯಲಾದಂತೆಯೇ.

ತೀರಿಕೊಂಡವರ ವಿಷಯ: ಜಯಲಲಿತಾ ಅವರ ಬದುಕಿನ ಚಿತ್ರದ ಪ್ರಕರಣದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್, ಖಾಸಗಿತನದ ಹಕ್ಕು ವಾರಸುದಾರರಿಗೆ ಇಳಿಯುವುದಿಲ್ಲ ಎಂದಿತು. ಆದರೆ ನೆಮ್ಮದಿಯಾಗಿ ಕೂರಬೇಡಿ. ಅದೇ ಸಂಹಿತೆಯ ಮಾನನಷ್ಟದ 356ನೇ ಕಲಂನ ವಿವರಣೆಯ ಪ್ರಕಾರ, ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಸತ್ತವರ ಮೇಲೆ ಆರೋಪ ಹೊರಿಸಿದರೂ ಅದು ಮಾನನಷ್ಟವಾಗಬಹುದು.

ಇಷ್ಟಿದ್ದರೂ ಒಪ್ಪಂದ ಮಾಡಿಕೊಳ್ಳಿ ಎಂಬುದೇ ನಮ್ಮ ಸಲಹೆ. ‘ಲೈಫ್ ರೈಟ್ಸ್’ ಎಂದು ಕೊಳ್ಳುವುದು ಕಥೆಯನ್ನಲ್ಲ. ದಾವೆ ಹೂಡುವುದಿಲ್ಲ, ಡೈರಿ-ಫೋಟೋ ಕೊಡುತ್ತೇವೆ, ಬೇರೆಯವರಿಗೆ ಹೇಳುವುದಿಲ್ಲ ಎಂಬ ಮಾತನ್ನು. ಮೊದಲು 12 ಅಥವಾ 18 ತಿಂಗಳ ಆಪ್ಷನ್ (ಆ ಅವಧಿಯಲ್ಲಿ ಕೊಳ್ಳುವ ಅವಕಾಶ ನಿಮಗೆ ಮಾತ್ರ) ಸಣ್ಣ ಮೊತ್ತಕ್ಕೆ, ನಿರ್ಮಾಪಕರು ಸಿಕ್ಕ ಮೇಲೆ ಪೂರ್ಣ ಹಣ. ಘಟನೆಗಳನ್ನು ಬದಲಿಸುವ ಸ್ವಾತಂತ್ರ್ಯ ಸ್ಪಷ್ಟವಾಗಿ ಬರೆಸಿ. ಕುಟುಂಬಕ್ಕೆ ಸ್ಕ್ರಿಪ್ಟ್ ತೋರಿಸಿ ಅಭಿಪ್ರಾಯ ಕೇಳುತ್ತೇವೆ ಎನ್ನಿ, ಒಪ್ಪಿಗೆ ಪಡೆಯುತ್ತೇವೆ ಎನ್ನಬೇಡಿ. ಒಪ್ಪಿಗೆಯ ಹಕ್ಕು ಕೊಟ್ಟರೆ ನಾಯಕರು ದೇವರಾಗುವವರೆಗೂ ತಿದ್ದಿಸುತ್ತಾರೆ. ಹಿರಿಯ ಮಗನೊಬ್ಬನ ಸಹಿ ಸಾಲದು. ಹೆಂಡತಿ, ಎಲ್ಲ ಮಕ್ಕಳ ಸಹಿ ಬೇಕು. ಕೆಲಸ ಕೆಡುವುದು ಸಾಮಾನ್ಯವಾಗಿ ಸಹಿ ಹಾಕದೆ ಉಳಿದ ಒಬ್ಬರಿಂದ.

ನಾವಿಬ್ಬರು ಗೆಳತಿಯರು ಸೇರಿ ಬರೆಯುತ್ತಿದ್ದೇವೆ. ಕೆಲಸ ಹಂಚಿಕೊಳ್ಳುವುದು ಹೇಗೆ, ಜಗಳವಾದರೆ? (ಮೈಸೂರು)

ಒಬ್ಬರು ಕಥೆ, ಒಬ್ಬರು ಡೈಲಾಗ್ ಎಂದು ಹಂಚಿಕೊಳ್ಳಬೇಡಿ. ಕಥೆ ಬರೆದವರಿಗೆ ಡೈಲಾಗ್ ಕಥೆ ಕೆಡಿಸಿತು ಅನ್ನಿಸುತ್ತದೆ, ಇನ್ನೊಬ್ಬರಿಗೆ ಸತ್ತ ದೃಶ್ಯಕ್ಕೆ ಜೀವ ಕೊಟ್ಟೆ ಅನ್ನಿಸುತ್ತದೆ. ಕಾರ್ಡ್ ಮುಗಿಯುವವರೆಗೆ ಒಂದೇ ಕೋಣೆಯಲ್ಲಿ ಕೂತು ಮಾತಾಡಿ. ದೃಶ್ಯಗಳನ್ನು ಬೇಕಾದರೆ ಹಂಚಿಕೊಂಡು ಬರೆದು, ಮರುದಿನ ಅದಲುಬದಲು ಮಾಡಿ ತಿದ್ದಿ. ಮೂರನೇ ಕರಡಿನ ಹೊತ್ತಿಗೆ ಯಾವ ಸಾಲು ಯಾರದೆಂದು ಗುರುತಿಸಲಾಗದಿದ್ದರೆ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಕಾನೂನಿನಲ್ಲೂ ಜಂಟಿ ಕರ್ತೃತ್ವ ಎಂದರೆ ಬಹುತೇಕ ಅದೇ: ಒಬ್ಬರ ಪಾಲನ್ನು ಇನ್ನೊಬ್ಬರದರಿಂದ ಬೇರ್ಪಡಿಸಲಾಗದ ಕೃತಿ.

ಒಂದು ದೃಶ್ಯದ ಬಗ್ಗೆ ಒಮ್ಮತ ಬರದಿದ್ದರೆ ಇಬ್ಬರ ಪ್ರತಿಯನ್ನೂ ಬಿಟ್ಟು ಮೂರನೆಯದನ್ನು ಹುಡುಕಿ. ಅರ್ಧ ನಿನ್ನದು ಅರ್ಧ ನನ್ನದು ಎಂದು ರಾಜಿಯಾದ ದೃಶ್ಯ ಎಮ್ಮೆಗೆ ಎತ್ತಿನ ನೊಗ ಕಟ್ಟಿದ ಹಾಗೆ. ನಿರ್ಮಾಪಕರ ಮುಂದೆ ನರೇಷನ್ ಕೊಡುವಾಗ ಮಾತ್ರ ಭಿನ್ನಾಭಿಪ್ರಾಯ ಬೇಡವೇ ಬೇಡ.

ಸ್ನೇಹ ಚೆನ್ನಾಗಿರುವಾಗಲೇ ಎರಡು ಪುಟದ ಕರಾರು ಮಾಡಿಕೊಳ್ಳಿ. ಹಣದ ಪಾಲು, ಹೆಸರು ಬರುವ ಕ್ರಮ, ಸಂಶೋಧನೆಯ ಖರ್ಚು ಯಾರದು, ನಡುವೆ ಒಬ್ಬರು ಬಿಟ್ಟರೆ ಅವರ ಪಾಲೆಷ್ಟು, ಯಾರ ಸಹಿಯಿಂದ ಮಾರಾಟ. ಬರೆದಿಡದಿದ್ದರೆ ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮಾರಲಾಗದೆ ಸ್ಕ್ರಿಪ್ಟ್ ಕಪಾಟಿನಲ್ಲೇ ಉಳಿಯುತ್ತದೆ. ನೋಂದಣಿಗೆ ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ, ಕೇಂದ್ರದ ಹಕ್ಕುಸ್ವಾಮ್ಯ ಕಚೇರಿಯೂ ಇದೆ. ಎರಡರಲ್ಲೂ ಇಬ್ಬರ ಹೆಸರನ್ನೂ ಹಾಕಿ. ನೋಂದಣಿಯಿಂದ ಹಕ್ಕು ಹುಟ್ಟುವುದಿಲ್ಲ, ಯಾವ ದಿನ ನಿಮ್ಮ ಬಳಿ ಏನಿತ್ತು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಮಾರುವಾಗ ಅವಧಿ ಬರೆಸಿ. ಬರೆಯದಿದ್ದರೆ ಕಾಯ್ದೆ ಐದು ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೊಂಡವರು ಒಂದು ವರ್ಷ ಬಳಸದಿದ್ದರೆ ಹಕ್ಕು ಮರಳುತ್ತದೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳದಿದ್ದರೆ. ನಿರ್ಮಾಪಕರ ಕಾಗದದಲ್ಲಿ ಬೇರೆ ರೀತಿಯೇ ಹೇಳಿರುತ್ತದೆ, ಆ ಸಾಲನ್ನು ಹುಡುಕಿ ಓದಿ.

ಇಲ್ಲಿನ ಚಿತ್ರಗಳ ಟೈಟಲ್‌ನಲ್ಲಿ ಬರಹಗಾರರ ಹೆಸರಿನ ನಡುವೆ ಕೆಲವೊಮ್ಮೆ ‘ಅಂಡ್’ ಪದ, ಕೆಲವೊಮ್ಮೆ ಅದರ ಚಿಹ್ನೆ (&). ಬರೀ ಅಲಂಕಾರವೇ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಅಲ್ಲ. ಅಮೆರಿಕದ ರೈಟರ್ಸ್ ಗಿಲ್ಡ್ ನಿಯಮ. ಚಿಹ್ನೆ ಇದ್ದರೆ ಇಬ್ಬರೂ ಒಂದು ಜೋಡಿಯಾಗಿ ಬರೆದವರು, ಪದ ಇದ್ದರೆ ಬೇರೆಬೇರೆಯಾಗಿ ಬರೆದವರು, ಬಹುಪಾಲು ಒಬ್ಬರ ನಂತರ ಒಬ್ಬರು. ಜೋಡಿಯನ್ನು ಒಬ್ಬ ಬರಹಗಾರನೆಂದೇ ಲೆಕ್ಕ ಹಾಕುವುದರಿಂದ ಒಂದು ಸಂಭಾವನೆಯನ್ನು ಇಬ್ಬರು ಹಂಚಿಕೊಳ್ಳುತ್ತಾರೆ.

ಒಂದು ಪುಟಕ್ಕೆ ಒಂದು ನಿಮಿಷ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೂ ಹಾಗೆಯೇ? (ಉಡುಪಿ)

ಆ ಲೆಕ್ಕ 12 ಪಾಯಿಂಟ್ ಗಾತ್ರದ ಕೊರಿಯರ್ ಎಂಬ ಫಾಂಟಿನ ಇಂಗ್ಲಿಷ್ ಪುಟಕ್ಕೆ ಕಟ್ಟಿದ್ದು. ಅಲ್ಲೂ ಅಂದಾಜೇ: ‘ಎಡ್ ವುಡ್’ 147 ಪುಟವಿತ್ತು, ಚಿತ್ರ 127 ನಿಮಿಷ. ಕನ್ನಡದಲ್ಲಿ ಒತ್ತಕ್ಷರಗಳಿಂದ ಸಾಲಿನ ಎತ್ತರ ಹೆಚ್ಚುತ್ತದೆ, ಫಾಂಟಿನಿಂದ ಫಾಂಟಿಗೆ ಪುಟ ಬದಲಾಗುತ್ತದೆ. ನಿಮ್ಮದೇ ಅಳತೆ ಮಾಡಿಕೊಳ್ಳಿ. ಒಂದೇ ಫಾಂಟ್, ಒಂದೇ ಅಂಚು ಇಟ್ಟುಕೊಂಡು ಮಾತಿನದೊಂದು, ಓಡಾಟದ್ದೊಂದು, ಎರಡೂ ಬೆರೆತದ್ದೊಂದು ದೃಶ್ಯ ಆರಿಸಿ. ಗಟ್ಟಿಯಾಗಿ, ನಟರ ವೇಗದಲ್ಲಿ ಓದಿ ಗಡಿಯಾರ ನೋಡಿ. ಒಟ್ಟು ನಿಮಿಷವನ್ನು ಪುಟಗಳಿಂದ ಭಾಗಿಸಿದರೆ ನಿಮ್ಮ ಪುಟದ ಅಳತೆ ಸಿಗುತ್ತದೆ. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಬರೆಯುವ ನಮ್ಮ ಹಳೆಯ ಎರಡು ಕಾಲಂ ಕ್ರಮದಲ್ಲಿ ಬರೆಯುವುದಾದರೆ ಇದನ್ನು ಬೇರೆಯಾಗಿ ಅಳೆಯಬೇಕು.